ಮರದ ರಸ ಮತ್ತು ಪಾಕ: ಬೆಂಗಳೂರಿನ ದಂಡು ಪ್ರದೇಶ ಮತ್ತು ಪೂರ್ವ ಭಾಗ

ಮರದ ಕಾಂಡವನ್ನೋ ಹೊಂಬಾಳೆಯನ್ನೋ ಕೆತ್ತಿ ಸಿಹಿರಸ ಇಳಿಸುವುದು, ಅದನ್ನು ಹಸಿಯಾಗಿಯೇ ಕುಡಿಯುವುದು ಅಥವಾ ಕಾಯಿಸಿ ಪಾಕ, ಬೆಲ್ಲ ಮಾಡಿಟ್ಟುಕೊಳ್ಳುವುದು ಭೂಮಿಯ ಹಲವು ಕಡೆ ನಡೆದುಬಂದ ಕಸುಬು. ಕೆನಡಾದಲ್ಲಿ ಅದಕ್ಕೆ ಮೇಪಲ್ ಮರ, ರಷ್ಯಾ ಮತ್ತು ಬಾಲ್ಟಿಕ್ ದೇಶಗಳಲ್ಲಿ ಬರ್ಚ್, ಶ್ರೀಲಂಕಾದಲ್ಲಿ ಬೈನೆ. ಬಂಗಾಳದಲ್ಲಿ ಈಚಲು, ಬೆಂಗಳೂರು ಸೀಮೆಯಲ್ಲೂ ಈಚಲೇ. ಆದರೆ ಅಲ್ಲಿ ಈಚಲಿನಿಂದ ಬೆಲ್ಲ ಬಂತು, ಇಲ್ಲಿ ಹೆಂಡ ಬಂತು. ಶಿವಾಜಿನಗರ, ಹಲಸೂರು, ಇಂದಿರಾನಗರ, ಕೃಷ್ಣರಾಜಪುರ (ಕೆ.ಆರ್. ಪುರ)ಗಳನ್ನು ಒಳಗೊಂಡ ನಗರದ ಪೂರ್ವ ಭಾಗದಲ್ಲಿ ಮರದ ಪಾಕ, ಬೆಲ್ಲ ಇಂದಿಗೂ ಹೊರಗಿನಿಂದ ಬರುವ ಸರಕು. ಬೆಳಗ್ಗೆ ಸಿಹಿಯಾಗಿದ್ದು ಸಂಜೆಯ ಹೊತ್ತಿಗೆ ಅಮಲೇರಿಸುವ ಈ ರಸವನ್ನು ಆಳುವವರು ಬಹುಕಾಲ ಅದರ ಸಂಜೆಯ ರೂಪದಲ್ಲೇ ಕಂಡರು. ಪಾಕದ ಕಸುಬು ಇಲ್ಲಿ ಬೇರೂರದೆ ಹೋದದ್ದಕ್ಕೆ ಮರಗಳ ಕೊರತೆಗಿಂತ ಈ ನೋಟವೇ ದೊಡ್ಡ ಕಾರಣ ಎನ್ನಬೇಕು.

ಯಾವ ಮರ, ಎಂಥ ರಸ

ಮರದೊಳಗೆ ಎರಡು ಬಗೆಯ ಹರಿವು ಇರುತ್ತದೆ. ಬೇರಿನಿಂದ ಮೇಲಕ್ಕೆ ಏರುವ ನೀರು ಒಂದು; ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇಕಾದ ಕಡೆಗೆ ಸಾಗಿಸುವ ರಸ ಇನ್ನೊಂದು. ಮೇಪಲ್‌ನಿಂದ ಇಳಿಸುವುದು ಮೊದಲನೆಯದನ್ನು. ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಕರಗುವಷ್ಟು ಬಿಸಿಲು ಇದ್ದಾಗ ಮಾತ್ರ ಕಾಂಡದೊಳಗೆ ಒತ್ತಡ ಹುಟ್ಟಿ ರಸ ಜಿನುಗುತ್ತದೆ. ಅದರಲ್ಲಿ ಸಕ್ಕರೆ ಶೇಕಡಾ ಎರಡರ ಆಸುಪಾಸು. ಒಂದು ಲೀಟರ್ ಪಾಕ ಮಾಡಲು ಸುಮಾರು 40 ಲೀಟರ್ ರಸ ಕಾಯಿಸಬೇಕು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ ಸೆಲ್ಸಿಯಸ್. ನೀರು ಹೆಪ್ಪುಗಟ್ಟುವ ಮಾತೇ ಇಲ್ಲದ ಊರಿನಲ್ಲಿ ಮೇಪಲ್ ಸಸಿ ತಂದು ನೆಟ್ಟರೂ ಪಾಕ ಸಿಗುವುದಿಲ್ಲ. ಇಂದಿರಾನಗರದ ಅಂಗಡಿಗಳಲ್ಲಿ ಕಾಣುವ ಮೇಪಲ್ ಪಾಕದ ಬಾಟಲಿಗಳೆಲ್ಲ ವಿದೇಶದಿಂದ ಬಂದವು. ಜಗತ್ತಿನ ಮೇಪಲ್ ಪಾಕದ ಬಹುಪಾಲು ಕೆನಡಾದ ಕ್ವಿಬೆಕ್ ಪ್ರಾಂತವೊಂದರಿಂದಲೇ ಬರುತ್ತದೆ.

ತಾಳೆಯ ಬಳಗದ ಮರಗಳಲ್ಲಿ ಇಳಿಸುವುದು ಎರಡನೆಯ ಹರಿವನ್ನು, ಅಂದರೆ ಸಕ್ಕರೆ ಸಾಗಿಸುವ ರಸವನ್ನು. ಹೂಗೊಂಚಲಿಗೋ ಎಳೆ ಸುಳಿಗೋ ಹೊರಟ ಸಕ್ಕರೆಯನ್ನು ದಾರಿಯಲ್ಲೇ ತಡೆದು ಗಡಿಗೆಗೆ ತಿರುಗಿಸುವ ಕೆಲಸ ಅದು. ಚಳಿ ಬೇಕೇಬೇಕೆಂದಿಲ್ಲ. ಸಕ್ಕರೆ ಶೇಕಡಾ 10ರಿಂದ 15ರಷ್ಟಿರುವುದರಿಂದ ಆರೇಳು ಲೀಟರ್ ರಸಕ್ಕೆ ಒಂದು ಲೀಟರ್ ಗಟ್ಟಿ ಪಾಕ ಸಿಗುತ್ತದೆ. ಕರ್ನಾಟಕದಲ್ಲಿ ಇಂಥ ಮರಗಳು ನಾಲ್ಕು: ಬಯಲುಸೀಮೆಯ ಈಚಲು, ಮಲೆನಾಡಿನ ಬೈನೆ ಅಥವಾ ಬಗನಿ, ಕರಾವಳಿಯಲ್ಲೂ ಕಲ್ಯಾಣ ಕರ್ನಾಟಕದ ಒಣಪ್ರದೇಶದಲ್ಲೂ ಬೆಳೆಯುವ ತಾಳೆ, ಎಲ್ಲೆಡೆ ಇರುವ ತೆಂಗು. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ತಾಳೆ ಅಪರೂಪ. ಈಚಲು ಮಾತ್ರ ಕೆರೆಯಂಗಳ, ಹಳ್ಳದ ದಂಡೆ, ಗದ್ದೆಬದು ಎಂದು ಯಾರೂ ನೆಡದೆಯೇ ಎದ್ದು ನಿಲ್ಲುತ್ತಿತ್ತು.

ಉಳಿದ ಮರಗಳಿಂದ ಬರುವುದು ಬೇರೆ ಬಗೆಯ ದ್ರವ. ಹಲಸಿನ ಮೇಣ, ಜಾಲಿಯ ಗೋಂದು, ಊದುಬತ್ತಿ ಕಸುಬಿಗೆ ಬೇಕಾಗುವ ಹಾಲುಮಡ್ಡಿ ಇವ್ಯಾವೂ ಕುಡಿಯುವ ಪದಾರ್ಥಗಳಲ್ಲ. ಇವುಗಳ ನಡುವೆ ಬೇವಿನದೇ ಒಂದು ವಿಚಿತ್ರ. ಆಗೊಮ್ಮೆ ಈಗೊಮ್ಮೆ ಯಾವುದೋ ಬೀದಿಯ ಬೇವಿನ ಮರದಿಂದ ನೊರೆನೊರೆಯಾಗಿ ಬಿಳಿಯ ಸಿಹಿ ದ್ರವ ಇಳಿಯತೊಡಗುತ್ತದೆ. ಮಾರನೆಯ ದಿನ ಪತ್ರಿಕೆಯಲ್ಲಿ ‘ಬೇವಿನ ಮರದಲ್ಲಿ ಹಾಲು’ ಎಂಬ ಸುದ್ದಿ ಬರುತ್ತದೆ, ಮರಕ್ಕೆ ಅರಿಶಿನ, ಕುಂಕುಮ, ಸೀರೆ ಏರುತ್ತವೆ. ಕಾಂಡದೊಳಗೆ ಸೂಕ್ಷ್ಮಜೀವಿಗಳು ಹುಳಿಸಿದ ರಸ ಅನಿಲದ ಒತ್ತಡಕ್ಕೆ ಸೀಳಿನಿಂದ ಹೊರಬರುವುದು ಇದಕ್ಕೆ ಕೊಡುವ ಒಂದು ವಿವರಣೆ. ಸ್ವಲ್ಪ ಕಾಲದ ನಂತರ ಅದು ತಾನಾಗಿ ನಿಲ್ಲುತ್ತದೆ.

ಈಚಲು ಮತ್ತು ಅದರ ಕಸುಬು

ಈಚಲನ್ನು ಕಾಂಡದಲ್ಲೇ ಕೆತ್ತುತ್ತಾರೆ. ತೆಂಗು, ತಾಳೆಗಳಂತೆ ಹೂಗೊಂಚಲಲ್ಲಿ ಅಲ್ಲ. ಮರ ಹತ್ತುವವನು ಸೊಂಟಕ್ಕೂ ಮರಕ್ಕೂ ಸೇರಿಸಿ ಹಗ್ಗ ಸುತ್ತಿಕೊಂಡು ತಲೆಯ ಹತ್ತಿರ ನಿಲ್ಲುತ್ತಾನೆ. ಒಂದು ಪಕ್ಕದ ಗರಿಗಳನ್ನು ಸವರಿ, ಬುಡದ ಮುಳ್ಳು, ನಾರು ಬಿಡಿಸಿ, ಒಳಗಿನ ಎಳೆಯ ಬಿಳಿ ಭಾಗ ಕಾಣುವವರೆಗೆ ಹೆರೆಯುತ್ತಾನೆ. ಆ ಜಾಗ ಕೆಲವು ದಿನ ಗಾಳಿಬಿಸಿಲಿಗೆ ಆರಬೇಕು. ಆಮೇಲೆ ಮೊನೆ ಕೆಳಗೆ ಬರುವಂತೆ ತ್ರಿಕೋನಾಕಾರದ ಕಚ್ಚು ಹಾಕಿ, ಮೊನೆಗೆ ಬಿದಿರಿನ ಸೀಳು ಸಿಕ್ಕಿಸಿ, ಅದರಡಿಗೆ ಗಡಿಗೆ ಕಟ್ಟುತ್ತಾನೆ. ಸಂಜೆ ಹರಿತವಾದ ಕತ್ತಿಯಿಂದ ತೆಳ್ಳನೆಯ ಒಂದು ಪದರ ತೆಗೆದರೆ ರಾತ್ರಿಯಿಡೀ ರಸ ತೊಟ್ಟಿಕ್ಕುತ್ತದೆ. ನಸುಕಿನಲ್ಲಿ ಗಡಿಗೆ ಇಳಿಸಬೇಕು. ಪದರ ದಪ್ಪವಾದರೆ ಮರ ಬೇಗ ಸೊರಗುತ್ತದೆ. ಕಚ್ಚು ಆಳಕ್ಕೆ ಹೋಗಿ ಸುಳಿಗೆ ತಗುಲಿದರೆ ಮರ ಸತ್ತಂತೆಯೇ. ಏಕೆಂದರೆ ಈಚಲಿಗೆ ಬೆಳೆಯುವ ತುದಿ ಒಂದೇ. ಕೆಲವು ರಾತ್ರಿ ಇಳಿಸಿ ಕೆಲವು ದಿನ ಬಿಡುವು ಕೊಡುವುದು ಕ್ರಮ. ಬಿಡುವಿನ ನಂತರದ ಮೊದಲ ರಾತ್ರಿಯ ರಸವೇ ಎಲ್ಲಕ್ಕಿಂತ ತಿಳಿ, ಎಲ್ಲಕ್ಕಿಂತ ಸಿಹಿ.

ಒಂದು ವರ್ಷ ಈ ಪಕ್ಕ ಕೆತ್ತಿದರೆ ಮರುವರ್ಷ ಎದುರು ಪಕ್ಕ. ಹೀಗಾಗಿ ಬಹುಕಾಲ ರಸ ಕೊಟ್ಟ ಈಚಲಿನ ಕಾಂಡ ಅತ್ತಿತ್ತ ವಾಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. ಎರಡು ಪಕ್ಕದ ಕಚ್ಚುಗಳನ್ನು ಎಣಿಸಿದರೆ ಎಷ್ಟು ವರ್ಷ ಇಳಿಸಿದ್ದಾರೆಂಬ ಲೆಕ್ಕ ಸಿಗುತ್ತದೆ.

ಈ ಕೆಲಸ ಹಳೆಯ ಮೈಸೂರಿನಲ್ಲಿ ಈಡಿಗರದು. ಮಲೆನಾಡಿನಲ್ಲಿ ದೀವರು, ಕರಾವಳಿಯಲ್ಲಿ ಬಿಲ್ಲವರು ಇದೇ ಕಸುಬಿನ ನಂಟಿನ ಸಮುದಾಯಗಳು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಇದಕ್ಕೆ ಮೂರ್ತೆ ಎನ್ನುತ್ತಾರೆ, ಮೂರ್ತೆದಾರರ ಸಹಕಾರ ಸಂಘಗಳು ಅಲ್ಲಿ ಇಂದಿಗೂ ಇವೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ ಕೋಶದಲ್ಲಿ ಈಡಿಗರನ್ನು ಹೆಂಡ ಇಳಿಸುವವರೆಂದೇ ದಾಖಲಿಸಿದ್ದಾನೆ. ಅದಕ್ಕೂ ಬಹಳ ಹಿಂದೆ, ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬ ವಚನಕಾರನಿದ್ದ. ಹೆಂಡ ಮಾರುವುದೇ ಅವನ ಕಾಯಕವಾಗಿತ್ತು. ಈಚಲಿನಿಂದ ಬದುಕಿದವರು ಇವರಷ್ಟೇ ಅಲ್ಲ. ಕೊರಮ, ಕೊರಚ ಸಮುದಾಯಗಳ ಹೆಂಗಸರು ಗರಿಯಿಂದ ಪೊರಕೆ, ಬುಟ್ಟಿ, ಚಾಪೆ ಮಾಡಿ ಸಂತೆಗೆ ತರುತ್ತಿದ್ದರು. ಬೇಸಿಗೆ ಕೊನೆಯಲ್ಲಿ ಮಾಗುವ ಈಚಲ ಹಣ್ಣು ಮಕ್ಕಳ ಪಾಲು; ಬೀಜವೇ ಹೆಚ್ಚು, ತಿರುಳು ನೆಪಕ್ಕೆ.

1800ರಲ್ಲಿ ಮದ್ರಾಸಿನಿಂದ ಹೊರಟು ಬೆಂಗಳೂರಿನ ಮೂಲಕ ಹಾದುಹೋದ ಫ್ರಾನ್ಸಿಸ್ ಬುಕಾನನ್‌ನ ಪ್ರವಾಸ ಕಥನದಲ್ಲಿ ಈಚಲಿನ ಪ್ರಸ್ತಾಪ ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಸ್ವಲ್ಪ ಮುಂಚಿನ ತನಕ ಆಳಿದ ಟಿಪ್ಪು ಸುಲ್ತಾನ್ ತನ್ನ ರಾಜ್ಯದಲ್ಲಿ ಮದ್ಯ ನಿಷೇಧಿಸಲು ಹೊರಟಿದ್ದ. ಅವನ ಪತನದ ನಂತರ ಅಬಕಾರಿ ಮತ್ತೆ ಬೊಕ್ಕಸದ ಆದಾಯವಾಯಿತು. ಮರಕ್ಕೆ ತೆರಿಗೆ, ಅಂಗಡಿಗೆ ಹರಾಜು ಎಂಬ ಲೆಕ್ಕದಲ್ಲಿ ಈಚಲ ತೋಪು ಸರ್ಕಾರದ ಕಣ್ಣಿಗೆ ಬಿದ್ದದ್ದು ಹೀಗೆ. ಗುತ್ತಿಗೆದಾರ ಹರಾಜಿನಲ್ಲಿ ಕೂಗಿದ ಹಣ ಹುಟ್ಟಬೇಕಾದರೆ ರಸ ಹುಳಿಯಲೇಬೇಕು. ಅದೇ ರಸವನ್ನು ಬೆಲ್ಲಕ್ಕೆ ಕಾಯಿಸಿದರೆ ಸೌದೆ ಖರ್ಚು, ಶ್ರಮ ಎರಡೂ ಹೆಚ್ಚು, ಕೈಗೆ ಬರುವ ಕಾಸು ಕಡಿಮೆ. ಜತೆಗೆ ಮಂಡ್ಯ, ಮದ್ದೂರು ಕಡೆಯ ಕಬ್ಬಿನ ಬೆಲ್ಲ ಅಗ್ಗವಾಗಿ ಸಿಗುತ್ತಿತ್ತು. ಬಂಗಾಳದಲ್ಲಿ ಹಳ್ಳಿಹಳ್ಳಿಯ ಒಲೆಯ ಮೇಲೆ ಕುದಿದ ರಸ ಇಲ್ಲಿ ಕುದಿಯದೆ ಹೋದದ್ದು ರುಚಿಯ ದೋಷದಿಂದಲ್ಲ.

ದಂಡಿನ ಅಂಗಡಿಗಳು

ಬ್ರಿಟಿಷರು 1809ರಲ್ಲಿ ಹಲಸೂರಿನ ಆಸುಪಾಸಿನಲ್ಲಿ ದಂಡನ್ನು ಕಟ್ಟಿದರು. ಮದ್ರಾಸು ಸೈನ್ಯದ ಸಿಪಾಯಿಗಳು, ಅವರ ಹಿಂದೆ ಅಡುಗೆಯವರು, ಅಗಸರು, ವರ್ತಕರು, ಗಾರೆಯವರು ಬಂದು ನೆಲೆಸಿದರು. ಹೆಚ್ಚಿನವರು ತಮಿಳರು. 1881ರಲ್ಲಿ ಮೈಸೂರು ರಾಜ್ಯ ಒಡೆಯರ ಕೈಗೆ ಮರಳಿದಾಗಲೂ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎನಿಸಿಕೊಂಡಿದ್ದ ಈ ಭಾಗ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ, ನಗರದೊಂದಿಗೆ ಒಂದೇ ಪಾಲಿಕೆಯಾದದ್ದು 1949ರಲ್ಲಿ.

ಈ ಜನ ತಮ್ಮೊಡನೆ ತಾಳೆಯ ರುಚಿ ತಂದರು. ತಮಿಳುನಾಡಿನ ದಕ್ಷಿಣ ಜಿಲ್ಲೆಗಳಲ್ಲಿ ತಾಳೆಯ ಹೂಗೊಂಚಲಿನಿಂದ ಇಳಿಸಿದ ಪದನೀರನ್ನು ಅಗಲವಾದ ಬಾಣಲೆಯಲ್ಲಿ ಕುದಿಸಿ ಕರುಪ್ಪಟ್ಟಿ ಮಾಡುತ್ತಾರೆ. ಪಾಕ ತೆಂಗಿನ ಕರಟಕ್ಕೆ ಹೊಯ್ದು ಆರಿಸಿದ್ದರಿಂದ ಅಚ್ಚಿನ ತಳ ಉರುಟು, ಮೇಲ್ಭಾಗ ಚಪ್ಪಟೆ, ಬಣ್ಣ ಕಡುಗಂದು. ಮುರಿದರೆ ಒಳಗೆ ಸಣ್ಣ ಹರಳು ಮಿನುಗಬೇಕು, ಬಾಯಿಗಿಟ್ಟರೆ ಸಿಹಿಯ ಬೆನ್ನಿಗೇ ಹೊಗೆಯ ಒಗರು ಹತ್ತಬೇಕು. ತೂತ್ತುಕುಡಿ ಜಿಲ್ಲೆಯ ಉಡನ್‌ಗುಡಿಯ ಕರುಪ್ಪಟ್ಟಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹಲಸೂರಿನ ಬಜಾರಿನಲ್ಲಿ, 1927ರ ರಸೆಲ್ ಮಾರುಕಟ್ಟೆಯ ಸುತ್ತಿನ ಶಿವಾಜಿನಗರದ ಓಣಿಗಳಲ್ಲಿ, ನಾಟಿ ಔಷಧಿಯ ಬೇರು ಗಡ್ಡೆ ಮಾರುವ ಅಂಗಡಿಗಳಲ್ಲಿ ಕರುಪ್ಪಟ್ಟಿಯ ಜತೆಗೆ ಪನಂಕಲ್ಕಂಡು ಎಂಬ ತಾಳೆಯ ಕಲ್ಲುಸಕ್ಕರೆಯೂ ಇರುತ್ತದೆ. ಕೆಮ್ಮು ಬಂದ ಮಗುವಿಗೆ ಬಿಸಿ ಹಾಲಿನಲ್ಲಿ ಮೆಣಸು, ಅರಿಶಿನದೊಂದಿಗೆ ಹಾಕಿ ಕೊಡುವುದು ಮನೆಮದ್ದು. ಒಣಶುಂಠಿ, ಕೊತ್ತಂಬರಿ ಬೀಜ ಕುಟ್ಟಿ ಕರುಪ್ಪಟ್ಟಿ ಸೇರಿಸಿ ಕುದಿಸುವ ಸುಕ್ಕು ಕಾಪಿಗೆ ಕಾಫಿಬೀಜದ ಹಂಗೇ ಇಲ್ಲ.

ಈ ಸರಕಿನಲ್ಲಿ ಬೆರಕೆ ಬಹಳ. ಸಕ್ಕರೆ, ಕಬ್ಬಿನ ಕಾಕಂಬಿ ಸೇರಿಸಿ ಕರಟದಲ್ಲಿ ಅಚ್ಚು ಹೊಯ್ದದ್ದೂ ಕರುಪ್ಪಟ್ಟಿ ಎಂದೇ ಮಾರಾಟವಾಗುತ್ತದೆ. ನಿಜವಾದದ್ದು ಅಗ್ಗವಾಗಿ ಸಿಗಲು ಸಾಧ್ಯವಿಲ್ಲ: ಮರ ಹತ್ತುವವರು ಕಡಿಮೆ, ರಸ ಬರುವುದು ವರ್ಷದ ಕೆಲವೇ ತಿಂಗಳು, ಸೌದೆ ದುಬಾರಿ. ಬೆಲೆ ಕಬ್ಬಿನ ಬೆಲ್ಲದ ಹತ್ತಿರಕ್ಕಿದ್ದರೆ ಅನುಮಾನ ಪಡುವುದೇ ಸರಿ. ಕರಾವಳಿಯವರು ತಾಳೆಯಿಂದ ಮಾಡುವ ಓಲೆಬೆಲ್ಲವೂ ನಗರದ ಮಂಗಳೂರು ಅಂಗಡಿಗಳಿಗೆ ಬರುತ್ತದೆ, ಪ್ರಮಾಣ ಸ್ವಲ್ಪ.

ಬೇಸಿಗೆಯಲ್ಲಿ ಹಳೇ ಮದ್ರಾಸು ರಸ್ತೆಯ ಉದ್ದಕ್ಕೂ, ಹಲಸೂರಿನಿಂದ ಕೆ.ಆರ್. ಪುರದವರೆಗೆ, ತಳ್ಳುಗಾಡಿಗಳಲ್ಲಿ ತಾಳೆಯ ಎಳೆಗಾಯಿಯಾದ ತಾಟಿನುಂಗು ರಾಶಿ ಬೀಳುತ್ತದೆ. ಮರ ಒಂದೇ, ಮಾಲು ಬೇರೆ: ರಸ ಇಳಿಸಿದ ಹೂಗೊಂಚಲು ಕಾಯಿ ಕಟ್ಟುವುದಿಲ್ಲ. ಕತ್ತಿಯಿಂದ ಮೂರೇಟಿಗೆ ಕಾಯಿ ಕೆತ್ತಿ ಹೆಬ್ಬೆರಳಿನಿಂದ ನುಂಗು ಎಬ್ಬಿಸಿಕೊಡುವ ಆ ಕೈಚಳಕ ನೋಡಲೆಂದೇ ನಿಲ್ಲುವವರುಂಟು.

ಬಂಗಾಳಿಗಳ ರುಚಿ ನಗರಕ್ಕೆ ಬಂದದ್ದು ತಡವಾಗಿ. ಚಳಿಗಾಲದ ನೊಲೆನ್ ಗುಡ್ ಅಂದರೆ ನಮ್ಮದೇ ಈಚಲಿನ ರಸ ಕಾಯಿಸಿ ಮಾಡಿದ್ದು; ದ್ರವವಾಗಿ ಉಳಿಸಿಕೊಂಡರೆ ಝೋಲಾ ಗುಡ್, ಅಚ್ಚು ಹೊಯ್ದರೆ ಪಾಟಾಲಿ. ಸೇಂಟ್ ಮಾರ್ಕ್ಸ್ ರಸ್ತೆಯ ಮೂಲೆಯ ಕೆ.ಸಿ. ದಾಸ್ ಅಂಗಡಿ ಇಂಥ ಸಿಹಿಗಳಿಗೆ ದಂಡು ಪ್ರದೇಶದ ಹಳೆಯ ವಿಳಾಸ. ಮಾಹಿತಿ ತಂತ್ರಜ್ಞಾನದ ಕೆಲಸಕ್ಕೆಂದು ಬಂದ ಬಂಗಾಳಿ ಕುಟುಂಬಗಳು ಇಂದಿರಾನಗರ, ಕೆ.ಆರ್. ಪುರಗಳಾಚೆಗೆ ಹಬ್ಬಿದ ಮೇಲೆ ಡಿಸೆಂಬರ್, ಜನವರಿಯಲ್ಲಿ ಈ ಬೆಲ್ಲಕ್ಕೆ ಬೇಡಿಕೆ ಇನ್ನಷ್ಟು ಏರಿದೆ. ಹೊಸಕೋಟೆಯ ಕೆರೆ ಬದಿಯಲ್ಲಿ ನಿಂತ ಮರದ ಬೆಲ್ಲ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಬಂಗಾಳದ ನದಿಯಾ ಜಿಲ್ಲೆಯಿಂದ ಬರಬೇಕಾಗಿರುವುದು ಸೋಜಿಗ.

ಕಾನೂನು, ಚಳವಳಿ, ಗೋಲಿಬಾರ್

ಈಚಲ ಮರದ ಕೆಳಗೆ ಮಜ್ಜಿಗೆ ಕುಡಿದರೂ ಹೆಂಡವೆನ್ನುತ್ತಾರೆ ಎಂಬ ಗಾದೆ ಕಾನೂನಿಗೂ ಸಲ್ಲುತ್ತದೆ. ರಾಜ್ಯದ 1965ರ ಅಬಕಾರಿ ಕಾಯ್ದೆಯ ಪ್ರಕಾರ ತೆಂಗು, ತಾಳೆ, ಈಚಲು ಮೊದಲಾದ ಮರಗಳ ರಸ ಹುಳಿತಿರಲಿ ಬಿಡಲಿ ಸೇಂದಿಯೇ. ಹುಳಿಯದಂತೆ ಸುಣ್ಣ ಬಳಿದ ಗಡಿಗೆಯಲ್ಲಿ ಇಳಿಸಿದ ಸಿಹಿ ರಸ, ಅಂದರೆ ನೀರಾ ಕೂಡ ಪರವಾನಗಿ ಇಲ್ಲದಿದ್ದರೆ ಅಪರಾಧದ ಸರಕು. ಕಾನೂನು ಬರೆದವರಿಗೆ ಒಂದು ಅನುಕೂಲವಿತ್ತು: ಬೆಳಗಿನ ರಸ ಯಾವ ಗಳಿಗೆಯಲ್ಲಿ ಹೆಂಡವಾಯಿತು ಎಂದು ಅಧಿಕಾರಿ ಮರದಡಿಯಲ್ಲಿ ನಿಂತು ನಿರ್ಧರಿಸಬೇಕಾಗಿಲ್ಲ. ಬೆಲ್ಲ ಮಾಡುವವರಿಗೆ ಅದೇ ತೊಡಕಾಯಿತು.

ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ಈಚಲು ಇನ್ನೊಂದು ಪೆಟ್ಟು ತಿಂದಿತು. ಹೆಂಡದಂಗಡಿಗಳ ಮುಂದೆ ಪಿಕೆಟಿಂಗ್ ನಡೆಯುತ್ತಿದ್ದ ದಿನಗಳವು. 1939ರಲ್ಲಿ ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಸತ್ಯಾಗ್ರಹಿಗಳು ಈಚಲು ಮರಗಳನ್ನೇ ಕಡಿದರು, ಎಸ್. ನಿಜಲಿಂಗಪ್ಪನವರ ಹೆಸರು ಆ ಸತ್ಯಾಗ್ರಹದೊಂದಿಗೆ ಬೆರೆತಿದೆ. ಕವಿ ಜಿ.ಪಿ. ರಾಜರತ್ನಂ ಅವರ ಪದ್ಯಗಳ ಹೆಂಡಗುಡುಕ ರತ್ನ ಕನ್ನಡಕ್ಕೆ ಬಂದದ್ದು ಸರಿಸುಮಾರು ಇದೇ ದಶಕದಲ್ಲಿ. ಒಂದು ಕಡೆ ಮರ ಕಡಿಯುವ ಸತ್ಯಾಗ್ರಹ, ಇನ್ನೊಂದು ಕಡೆ ಕುಡುಕನ ಬಾಯಲ್ಲಿ ಅಪ್ಪಟ ಕನ್ನಡ. ಗಾಂಧಿ ಹೆಂಡವನ್ನು ವಿರೋಧಿಸಿದರೂ ಮರವನ್ನು ಬೇಡವೆನ್ನಲಿಲ್ಲ. 1934ರಲ್ಲಿ ಹುಟ್ಟಿದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ತಾಳೆ, ಈಚಲುಗಳ ಬೆಲ್ಲವನ್ನು ಹೆಂಡ ಇಳಿಸುವವರ ಬದಲಿ ಬದುಕಾಗಿ ಮುಂದಿಟ್ಟಿತು, ಗಾಂಧಿವಾದಿ ಗಜಾನನ ನಾಯಕ್ ಅದಕ್ಕಾಗಿ ದುಡಿದರು. ಬೆಲ್ಲದ ಕಾರ್ಯಕ್ರಮ ಮುಂದೆ ಖಾದಿ ಗ್ರಾಮೋದ್ಯೋಗ ಆಯೋಗದ ಪಾಲಿಗೆ ಬಂತು. ಮೈಸೂರು ಸೀಮೆಯಲ್ಲಿ ಅದು ದೊಡ್ಡದಾಗಿ ಬೆಳೆಯಲಿಲ್ಲ. ಅದುವರೆಗೆ ರಾಜ್ಯದಲ್ಲಿ ಜಾರಿಯಲ್ಲಿದ್ದ ಪಾನನಿರೋಧ 1967ರಲ್ಲಿ ತೆರವಾದಾಗ ಮುಖ್ಯಮಂತ್ರಿಯಾಗಿದ್ದವರು ಅದೇ ನಿಜಲಿಂಗಪ್ಪನವರು.

ಹೆಂಡವನ್ನು ಬಿಡಬೇಕೆಂಬ ಮಾತು ಕಸುಬಿನ ಸಮುದಾಯಗಳ ಒಳಗಿನಿಂದಲೂ ಎದ್ದಿತ್ತು. ಕಳ್ಳು ಇಳಿಸಬೇಡಿ, ಕುಡಿಯಬೇಡಿ, ಕುಡಿಸಬೇಡಿ ಎಂದು ಸಾರಿದ ನಾರಾಯಣ ಗುರುಗಳು ಹುಟ್ಟಿದ್ದು ಕೇರಳದ ಈಳವರಲ್ಲಿ. ಮಂಗಳೂರಿನ ಬಿಲ್ಲವರಿಗಾಗಿ ಅವರು 1912ರಲ್ಲಿ ಕುದ್ರೋಳಿಯ ಗೋಕರ್ಣನಾಥ ಕ್ಷೇತ್ರ ಸ್ಥಾಪಿಸಿದರು. ಹಲಸೂರಿನಲ್ಲೂ ಅವರ ಹೆಸರಿನ ಸಮಿತಿ, ಗುರುಮಂದಿರ ಇವೆ. ಅದೇ ಹಲಸೂರಿನ ಕೆರೆಯ ಬಳಿ 2009ರಲ್ಲಿ ಅನಾವರಣಗೊಂಡ ತಿರುವಳ್ಳುವರ್ ಪ್ರತಿಮೆ ನಿಂತಿದೆ; ಆ ಕವಿಯ ತಿರುಕ್ಕುರಳ್‌ನಲ್ಲಿ ಕಳ್ಳು ಕುಡಿಯದಿರುವುದರ ಬಗ್ಗೆಯೇ ಒಂದು ಅಧ್ಯಾಯವಿದೆ. ಸುತ್ತಲಿನ ರಸ್ತೆಗಳ ಬಾರುಗಳಿಗೆ ಇಬ್ಬರೂ ಅಡ್ಡಿ ಬಂದಂತಿಲ್ಲ.

ಮರಗಳು ಕಡಿಮೆಯಾಗಿ ಕುಡಿಯುವವರು ಹೆಚ್ಚಾದಂತೆ ಹೆಂಡ ಹಾಳಾಯಿತು. ಆಂಧ್ರ, ತೆಲಂಗಾಣ ಗಡಿ ಜಿಲ್ಲೆಗಳಲ್ಲಿ ನೀರಿಗೆ ಸ್ಯಾಕರಿನ್, ನೊರೆ ಬರಿಸುವ ಪದಾರ್ಥ ಮತ್ತು ಕ್ಲೋರಲ್ ಹೈಡ್ರೇಟ್ ಬೆರೆಸಿ ಸೇಂದಿ ಎಂದು ಮಾರುವ ದಂಧೆ ಬೆಳೆಯಿತು. ಜನರ ಬಾಯಲ್ಲಿ ಕ್ಲೋರಲ್ ಹೈಡ್ರೇಟ್ ಎಂದರೆ ಸಿ.ಎಚ್. ಪೌಡರ್. ಅದಕ್ಕೆ ಅಂಟಿಕೊಂಡವರು ಬಿಡುವುದು ಕಷ್ಟ. 2004ರಲ್ಲಿ ಕರ್ನಾಟಕ ಸರ್ಕಾರ ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳನ್ನು ಬಿಟ್ಟು ಉಳಿದೆಡೆ ಸೇಂದಿಯನ್ನು ನಿಷೇಧಿಸಿತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಬೆಂಗಳೂರು ಸುತ್ತಿನ ಈಡಿಗರ ಪಾಲಿಗೆ ಮರ ಹತ್ತುವ ಕಸುಬು ಅಲ್ಲಿಗೆ ಅಧಿಕೃತವಾಗಿ ಮುಗಿಯಿತು.

ಈ ನಡುವೆ ನೀರಾದ ಬೇಡಿಕೆ ಎತ್ತಿದವರು ತೆಂಗು ಬೆಳೆಗಾರರು. 1990ರ ದಶಕದ ಕೊನೆಯಲ್ಲಿ ನುಸಿರೋಗ ತಗುಲಿ ಕಾಯಿ ಸೊರಗಿ, ಬೆಲೆ ಕುಸಿದಾಗ, ಹೊಂಬಾಳೆಯಿಂದ ನೀರಾ ಇಳಿಸಿ ಮಾರಲು ಬಿಡಿ ಎಂದು ರೈತರು ಬೀದಿಗಿಳಿದರು. ಬೆಂಗಳೂರಿನಿಂದ 60 ಕಿಲೋಮೀಟರ್ ದೂರದ ಚನ್ನಪಟ್ಟಣ ಇದರ ಕಣವಾಯಿತು. 2001ರಲ್ಲಿ ಆ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಪೊಲೀಸರ ಗೋಲಿಬಾರಿಗೆ ರೈತರು ಬಲಿಯಾದರು. ಸಿಹಿನೀರಿಗಾಗಿ ಜೀವ ಹೋದ ಈ ಪ್ರಸಂಗ ರೈತ ಚಳವಳಿಯ ನೆನಪಿನಲ್ಲಿ ಉಳಿದಿರುವಷ್ಟು ರಾಜಧಾನಿಯ ನೆನಪಿನಲ್ಲಿ ಉಳಿದಿಲ್ಲ. ತೆಂಗಿನ ನೀರಾಕ್ಕೆ ಅನುವಾಗುವಂತೆ ಅಬಕಾರಿ ನಿಯಮಗಳು ಬದಲಾಗಲು ಮತ್ತೊಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಈಚಲಿಗೆ ಆ ಭಾಗ್ಯ ಹಾಗೆ ಕೂಡಿಬರಲಿಲ್ಲ. ಅದರ ಪರವಾಗಿ ಕೂಗಲು ತೋಟದ ಮಾಲೀಕರಿರಲಿಲ್ಲ.

ನೀರಾದಿಂದ ಕಲ್ಪರಸ

ತೆಂಗಿನ ಹೊಂಬಾಳೆ ಬಿರಿಯುವ ಮುನ್ನ ಅದನ್ನು ದಾರದಿಂದ ಬಿಗಿದು, ದಿನವೂ ಹದವಾಗಿ ತಟ್ಟಿ, ತುದಿಯನ್ನು ತೆಳ್ಳಗೆ ಕತ್ತರಿಸುತ್ತ ಹೋಗಬೇಕು. ಒಂದೆರಡು ವಾರದ ಈ ಉಪಚಾರದ ನಂತರ ರಸ ಹನಿಯತೊಡಗುತ್ತದೆ. ಒಂದು ಹೊಂಬಾಳೆ ತಿಂಗಳಿಗೂ ಹೆಚ್ಚು ಕಾಲ ರಸ ಕೊಡುತ್ತದೆ. ಮರವೊಂದಕ್ಕೆ ದಿನಕ್ಕೆ ಸುಮಾರು ಎರಡು ಲೀಟರ್. ತಟ್ಟುವ ಕೈ ಅನುಭವಿಯದಾಗಿರಬೇಕು. ಹೆಚ್ಚು ಬಿದ್ದರೆ ಹೊಂಬಾಳೆ ಒಳಗೇ ಕೊಳೆಯುತ್ತದೆ, ಕಡಿಮೆಯಾದರೆ ರಸವೇ ಬರುವುದಿಲ್ಲ.

ಇಳಿದ ರಸದಲ್ಲಿ ಗಡಿಗೆಯ, ಗಾಳಿಯ, ನೊಣ ಜೇನುಗಳ ಮೈಯ ಯೀಸ್ಟ್, ಬ್ಯಾಕ್ಟೀರಿಯಾಗಳು ಕೂಡಲೇ ಕೆಲಸ ಶುರು ಮಾಡುತ್ತವೆ. ಕೆಲವೇ ಗಂಟೆಗಳಲ್ಲಿ ನೊರೆ ಏಳುತ್ತದೆ. ದಿನ ಕಳೆಯುವುದರೊಳಗೆ ಶೇಕಡಾ ನಾಲ್ಕೈದು ಆಲ್ಕೋಹಾಲ್, ಹಾಗೇ ಬಿಟ್ಟರೆ ವಿನೆಗರ್. ಗಡಿಗೆಗೆ ಸುಣ್ಣ ಬಳಿಯುವುದು ಇದನ್ನು ತಡೆಯುವ ಹಳೆಯ ಉಪಾಯ. ಕಾಸರಗೋಡಿನ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ, 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿದ್ದು, ಬೇರೆ ದಾರಿ ಹಿಡಿಯಿತು: ಮಂಜುಗಡ್ಡೆ ತುಂಬಿದ ಪೆಟ್ಟಿಗೆಯನ್ನೇ ಹೊಂಬಾಳೆಯ ತುದಿಗೆ ಸಿಕ್ಕಿಸಿ, ರಸ ಮರದಿಂದ ಬೀಳುತ್ತಲೇ ತಣ್ಣಗಾಗುವಂತೆ ಮಾಡಿತು. ಸುಣ್ಣ ಬೇಡ, ರಾಸಾಯನಿಕ ಬೇಡ. ಇದಕ್ಕೆ ಸಂಸ್ಥೆ ಇಟ್ಟ ಹೆಸರು ಕಲ್ಪರಸ. ಶಿವಮೊಗ್ಗ, ಉಡುಪಿ ಜಿಲ್ಲೆಗಳ ರೈತ ಕಂಪನಿಗಳು ಇದೇ ದಾರಿಯಲ್ಲಿ ರಸ ಇಳಿಸಲು ತೊಡಗಿದವು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ನೀರಾವನ್ನು ಕೆಡದಂತೆ ಬಾಟಲಿಗೆ ತುಂಬುವ ವಿಧಾನ ರೂಪಿಸಿತು. ಹೈದರಾಬಾದಿನಲ್ಲಿ 2023ರಲ್ಲಿ ಹುಸೇನ್ ಸಾಗರದ ದಂಡೆಯಲ್ಲಿ ಸರ್ಕಾರವೇ ನೀರಾ ಕೆಫೆ ತೆರೆದಿದೆ. ಬೆಂಗಳೂರಿನಲ್ಲಿ ಅಂಥದ್ದು ಇಲ್ಲದಿರುವುದು ಇಲ್ಲಿನ ಅಬಕಾರಿ ಇತಿಹಾಸ ಬಲ್ಲವರಿಗೆ ಆಶ್ಚರ್ಯ ತಾರದು.

ಪಾಕ ಮತ್ತು ಅಡುಗೆ

ರಸ ಹುಳಿಯುವ ಮುನ್ನ ಒಲೆ ಏರಬೇಕು. ಅಗಲ ಬಾಯಿಯ ಕೊಪ್ಪರಿಗೆಯಲ್ಲಿ ಕುದಿಯುವಾಗ ಮೇಲೆ ಬರುವ ನೊರೆ, ಕಸ ತೆಗೆಯುತ್ತಿರಬೇಕು. ಉಕ್ಕಿ ಬಂದರೆ ಒಂದು ಚೂರು ಕೊಬ್ಬರಿಯನ್ನೋ ನಾಲ್ಕು ಹನಿ ಎಣ್ಣೆಯನ್ನೋ ಹಾಕಿ ಇಳಿಸುತ್ತಾರೆ. ಎಳೆ ಬರುವ ಮೊದಲೇ ಕೆಳಗಿಳಿಸಿದರೆ ಮಲೆನಾಡಿನ ಜೋನಿಬೆಲ್ಲದಷ್ಟು ತೆಳುವಾದ ಪಾಕ. ನೀರಿನ ಬಟ್ಟಲಿಗೆ ಬಿಟ್ಟ ಹನಿ ಉಂಡೆ ಕಟ್ಟಿದರೆ ಅಚ್ಚಿನ ಹದ. ಸುಣ್ಣ ಹೆಚ್ಚಾದ ರಸ ಕಪ್ಪಗಾಗುತ್ತದೆ, ಹುಳಿ ಹತ್ತಿದ ರಸ ಎಷ್ಟು ಕುದಿಸಿದರೂ ಗಟ್ಟಿಯಾಗುವುದಿಲ್ಲ.

ನಗರದ ಅಡುಗೆಮನೆಗಳಲ್ಲಿ ಮರದ ರಸ ಹುಳಿತ ರೂಪದಲ್ಲೂ ಇತ್ತು. ಮಂಗಳೂರು ಕ್ರೈಸ್ತರ ಸನ್ನಕ್ಕೆ, ಮಲಯಾಳಿಗಳ ಅಪ್ಪಂಗೆ ಹಿಟ್ಟು ಉಬ್ಬಿಸುತ್ತಿದ್ದದ್ದು ಹೆಂಡ. ಹೆಂಡ ಸಿಗದ ಬೆಂಗಳೂರಿನಲ್ಲಿ ಆ ಜಾಗಕ್ಕೆ ಪುಡಿ ಯೀಸ್ಟ್, ಹುಳಿಸಿದ ಎಳನೀರು ಬಂದಿವೆ. ಬೈನೆಯ ಪಾಕವನ್ನು ಸಿಂಹಳೀಯರು ಕಿತುಲ್ ಎಂದು ಕರೆದು ಎಮ್ಮೆ ಮೊಸರಿಗೆ ಸುರಿದು ತಿನ್ನುತ್ತಾರೆ. ನಮ್ಮ ಮಲೆನಾಡಿನ ಬೈನೆ ಮಾತ್ರ ಕಾಡಿನಲ್ಲೇ ಹಣ್ಣಾಗಿ ಉದುರುತ್ತದೆ.

ಇಂದಿರಾನಗರದ ಸಾವಯವ ಅಂಗಡಿಗಳಲ್ಲಿ ತೆಂಗಿನ ಸಕ್ಕರೆ ಮಧುಮೇಹಿಗಳಿಗೂ ಸುರಕ್ಷಿತ ಎಂಬಂತೆ ಮಾರಾಟವಾಗುವುದುಂಟು. ಮರದಿಂದ ಬಂದರೂ ಅದರ ಬಹುಭಾಗ ಮಾಮೂಲಿ ಸಕ್ಕರೆಯ ಸುಕ್ರೋಸೇ. ಖನಿಜಗಳು ಒಂದಿಷ್ಟು ಇವೆ, ಆದರೆ ಚಮಚದ ಲೆಕ್ಕದಲ್ಲಿ ತಿನ್ನುವಾಗ ಅವುಗಳಿಂದಾಗುವ ಲಾಭ ಅಲ್ಪ. ರುಚಿಗಾಗಿ ಕೊಳ್ಳುವವರಿಗೆ ಮೋಸವಿಲ್ಲ.

ಎಚ್ಚರ

ಹಸಿ ರಸ ಕುಡಿಯುವುದರಲ್ಲಿ ಅಪಾಯವಿದೆ. ಬಾಂಗ್ಲಾದೇಶದಲ್ಲಿ 2001ರಿಂದ ಕಾಣಿಸಿಕೊಂಡ ನಿಪಾ ಸೋಂಕಿನ ಹಲವು ಪ್ರಕರಣಗಳಿಗೆ ಈಚಲಿನ ಹಸಿ ರಸವೇ ದಾರಿಯಾಗಿತ್ತು. ರಾತ್ರಿ ಗಡಿಗೆಗೆ ಬಾಯಿ ಹಾಕುವ ಹಣ್ಣುಬಾವಲಿಗಳ ಜೊಲ್ಲು, ಮೂತ್ರ ರಸಕ್ಕೆ ಬೀಳುತ್ತದೆ. ಅಲ್ಲಿ ಈಗ ಕಚ್ಚಿಗೂ ಗಡಿಗೆಗೂ ಬಿದಿರಿನ ತಡಿಕೆ ಕಟ್ಟುವುದನ್ನು ಕಲಿಸುತ್ತಾರೆ. ಕುದಿಸಿದ ಪಾಕ, ಬೆಲ್ಲಗಳಲ್ಲಿ ಈ ಭಯವಿಲ್ಲ. 2018ರಲ್ಲಿ ಕೋಯಿಕ್ಕೋಡಿನಲ್ಲಿ ನಿಪಾ ಬಂದ ಮೇಲೆ ದಕ್ಷಿಣದಲ್ಲೂ ಈ ಎಚ್ಚರಿಕೆಗೆ ಅರ್ಥ ಬಂದಿದೆ.

ಇಂದಿನ ಸ್ಥಿತಿ

ನಗರದೊಳಗೆ ಮನೆಯ ಮುಂದಿನ ಮರಕ್ಕೆ ಕೊಳವೆ ಬಡಿದು ರಸ ತೆಗೆಯುವ ಯೋಚನೆಗೆ ಕಾನೂನಿನ ಎರಡು ಅಡ್ಡಿಗಳಿವೆ. ತಾಳೆಯ ಬಳಗದ ಮರವಾದರೆ ಅಬಕಾರಿ ಕಾಯ್ದೆ. ಬೀದಿಯ ಮರವಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ಅದರಲ್ಲಿ ಮರ ಕಡಿಯುವುದೆಂದರೆ ಬುಡ ಕತ್ತರಿಸುವುದಷ್ಟೇ ಅಲ್ಲ, ತೊಗಟೆ ಸುತ್ತ ಸುಲಿಯುವುದು, ಬೇರೆ ಯಾವುದೇ ರೀತಿ ಹಾನಿ ಮಾಡುವುದೂ ಸೇರುತ್ತದೆ. ಇಂದಿರಾನಗರದ ಮಳೆಮರ, ಹೊಂಗೆ, ತಬೂಬಿಯಾಗಳಿಗೆ ಕಚ್ಚು ಹಾಕಿದರೆ ಸಿಗುವುದು ಗಾಯ ಮಾತ್ರ, ಸಿಹಿಯಲ್ಲ.

ಈಚಲು ನಗರಕ್ಕೆ ಬೇರೊಂದು ವೇಷದಲ್ಲಿ ಮರಳಿದೆ. ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆಯ ತಂತ್ರಜ್ಞಾನ ಪಾರ್ಕುಗಳ ಹೆಬ್ಬಾಗಿಲಲ್ಲಿ, ವಿಲ್ಲಾಗಳ ಕಾರಂಜಿಯ ಸುತ್ತ, ಬುಡಸಮೇತ ಕಿತ್ತು ಲಾರಿಯಲ್ಲಿ ತಂದ ಈಚಲುಗಳನ್ನು ಸಾಲಾಗಿ ನೆಡುತ್ತಾರೆ. ಗರಿಯ ಬುಡಗಳನ್ನು ವಜ್ರದ ಅಚ್ಚಿನಂತೆ ಒಪ್ಪವಾಗಿ ಸವರಿ, ರಾತ್ರಿ ಕೆಳಗಿನಿಂದ ದೀಪ ಹಾಯಿಸುತ್ತಾರೆ. ನರ್ಸರಿಗಳಲ್ಲಿ ಒಂದು ದೊಡ್ಡ ಮರದ ಬೆಲೆ ಸಾವಿರಗಳ ಲೆಕ್ಕದಲ್ಲಿದೆ. ಆಯ್ದು ತರುವುದು ಕಾಂಡ ನೆಟ್ಟಗಿರುವ, ಯಾರೂ ಒಮ್ಮೆಯೂ ಕೆತ್ತದ ಮರಗಳನ್ನು. ಮೆಟ್ಟಿಲು ಬಿದ್ದ ಮರಕ್ಕೆ ಗಿರಾಕಿಯಿಲ್ಲ.